ಹಳೆಯ ಕಾರುಗಳಿಗೆ ವಿದ್ಯುತ್ ಫ್ಯಾನ್ ಅಳವಡಿಕೆ: ವೈರಿಂಗ್ ಕ್ರಮ ಮತ್ತು ಪರೀಕ್ಷೆ

ಹಾಸನ ಜಿಲ್ಲೆಯ ಅರಸೀಕೆರೆ ರೈಲ್ವೆ ಜಂಕ್ಷನ್ ಹಾಗೂ ತೆಂಗು-ಕೊಬ್ಬರಿ ವಹಿವಾಟಿಗೆ ಹೆಸರಾದ ಪಟ್ಟಣ. ಬೇಲೂರು ಮತ್ತು ಹಳೇಬೀಡು ಹೊಯ್ಸಳ ಶಿಲ್ಪಕಲೆಯಿಂದ ಪ್ರವಾಸಿಗರನ್ನು ಸೆಳೆಯುವ ಸ್ಥಳಗಳು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಹಾಗೂ ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಈ ಊರುಗಳ ನಡುವಣ ರಸ್ತೆಗಳಲ್ಲಿ ಟ್ಯಾಕ್ಸಿ, ಖಾಸಗಿ ಕಾರು ಹಾಗೂ ಸರಕು ವಾಹನಗಳ ಸಂಚಾರ ನಿರಂತರವಾಗಿದ್ದು, ಇದನ್ನೇ ನಂಬಿದ ಗ್ಯಾರೇಜುಗಳು, ಆಟೋ ಎಲೆಕ್ಟ್ರಿಷಿಯನ್‌ಗಳು ಮತ್ತು ಬಿಡಿಭಾಗಗಳ ವ್ಯಾಪಾರಿಗಳು ಇಲ್ಲಿ ನೆಲೆಗೊಂಡಿದ್ದಾರೆ.

ಇಂತಹ ಗ್ಯಾರೇಜುಗಳಿಗೆ ಬೇಸಿಗೆಯಲ್ಲಿ ಹೆಚ್ಚಾಗಿ ಬರುವ ದೂರು 'ಗಾಡಿ ಹೀಟ್ ಆಗುತ್ತಿದೆ' ಎಂಬುದು. 1999ರ ಫೋರ್ಡ್ ಐಕಾನ್ 1.6, 2001ರ ಫಿಯೆಟ್ ಪಾಲಿಯೊ 1.6, ಅದೇ ಕಾಲದ ಹೋಂಡಾ ಸಿಟಿ ವಿಟೆಕ್, ಮಾರುತಿ ಎಸ್ಟೀಮ್ ಮೊದಲಾದ ಚುರುಕಾದ ಕಾರುಗಳನ್ನು ಅಭಿಮಾನದಿಂದ ಉಳಿಸಿಕೊಂಡಿರುವ ಮಾಲೀಕರು ಇಂದಿಗೂ ಇದ್ದಾರೆ. ನೆರೆಯ ಚಿಕ್ಕಮಗಳೂರಿನ ಕಾಫಿ ತೋಟಗಳ ಹಾದಿಯಲ್ಲಿ ನಡೆಯುವ ರ‍್ಯಾಲಿಗಳೂ ಈ ಆಸಕ್ತಿಯನ್ನು ಜೀವಂತವಾಗಿರಿಸಿವೆ. ಇವಲ್ಲದೆ, ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಫ್ಯಾನ್ ಹೊಂದಿದ್ದ ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳಿಗೆ ವಿದ್ಯುತ್ ಫ್ಯಾನ್ ಹಾಕಿಸುವವರೂ ಇದ್ದಾರೆ. 15 ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಯೋಗ್ಯತಾ ತಪಾಸಣೆಯ ನಂತರ 5 ವರ್ಷಗಳ ಅವಧಿಗೆ ನವೀಕರಿಸಲು ಕಾನೂನಿನಲ್ಲಿ ಅವಕಾಶವಿರುವುದರಿಂದ, ಹಳೆಯ ಕಾರುಗಳ ದುರಸ್ತಿ ಗಮನಾರ್ಹ ಉದ್ಯೋಗವಾಗಿಯೇ ಮುಂದುವರಿದಿದೆ.

ಈ ದೂರಿಗೆ ಸಾಮಾನ್ಯವಾಗಿ ದೊರೆಯುವ ಪರಿಹಾರವೆಂದರೆ ಹಳೆಯ ಫ್ಯಾನ್ ತೆಗೆದು ಹೊಸದನ್ನು, ಕೆಲವೊಮ್ಮೆ ಹೆಚ್ಚು ಸಾಮರ್ಥ್ಯದ್ದನ್ನು ಅಳವಡಿಸುವುದು. ಆದರೆ ಇಪ್ಪತ್ತು ವರ್ಷ ಹಳೆಯ ತಂತಿಗೇ ಹೊಸ ಫ್ಯಾನನ್ನು ಜೋಡಿಸಿದಾಗ ತೊಂದರೆ ನಿವಾರಣೆಯಾಗುವುದಿಲ್ಲ. ಅನೇಕ ಬಾರಿ ಹೆಚ್ಚಾಗುತ್ತದೆ. ಫ್ಯಾನಿನ ಮೇಲೆ ಮುದ್ರಿಸಿದ ವ್ಯಾಟ್ ಎಷ್ಟೇ ಇರಲಿ, ಅದರ ಎರಡು ತುದಿಗಳಿಗೆ ತಲುಪುವ ವೋಲ್ಟೇಜ್ ಎಷ್ಟು ಎಂಬುದರ ಮೇಲೆ ಅದರ ಕೆಲಸ ನಿಂತಿದೆ. ಈ ಪಾಠದ ಸಾರಾಂಶವೂ ಇದೇ ಆಗಿದೆ.

ಫ್ಯಾನಿನ ಅವಶ್ಯಕತೆ ಯಾವಾಗ?

ಕಾರು ಹೆದ್ದಾರಿಯಲ್ಲಿ ವೇಗವಾಗಿ ಸಾಗುವಾಗ ಎದುರಿನಿಂದ ನುಗ್ಗುವ ಗಾಳಿಯೇ ರೇಡಿಯೇಟರನ್ನು ತಂಪಾಗಿರಿಸುತ್ತದೆ. ಫ್ಯಾನಿನ ನಿಜವಾದ ಪರೀಕ್ಷೆ ಎದುರಾಗುವುದು ನಿಧಾನ ಚಲನೆಯಲ್ಲಿ. ಮಂಗಳೂರು ಕಡೆಯಿಂದ ಚಾರ್ಮಾಡಿ ಘಟ್ಟವನ್ನು ಲಾರಿಗಳ ಹಿಂದೆ ಎರಡನೆಯ ಗೇರಿನಲ್ಲಿ ಏರಿ, ಮೂಡಿಗೆರೆಯ ಮೂಲಕ ಬೇಲೂರಿಗೆ ಬಂದು, ಚೆನ್ನಕೇಶವನ ರಥೋತ್ಸವದ ಜನದಟ್ಟಣೆಯಲ್ಲಿ ಎ.ಸಿ. ಹಾಕಿಕೊಂಡು ಅರ್ಧ ಗಂಟೆ ನಿಲ್ಲುವ ಕಾರನ್ನು ಊಹಿಸಿಕೊಳ್ಳಬಹುದು. ಎಂಜಿನ್ನಿನ ಉಷ್ಣ, ಎ.ಸಿ. ಕಂಡೆನ್ಸರಿನ ಉಷ್ಣ ಮತ್ತು ಚೈತ್ರದ ಬಿಸಿಲು ಮೂರೂ ಸೇರಿದಾಗ ಅವನ್ನು ಹೊರಹಾಕುವ ಸಂಪೂರ್ಣ ಹೊಣೆ ಫ್ಯಾನಿನದಾಗುತ್ತದೆ.

ಈ ಪ್ರದೇಶಕ್ಕೆ ಸಂಬಂಧಿಸಿದ ಇನ್ನೊಂದು ಅಂಶವನ್ನೂ ಗಮನಿಸಬೇಕು. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಪ್ರತಿ 300 ಮೀಟರ್ ಎತ್ತರಕ್ಕೆ ಕುದಿಯುವ ಬಿಂದು ಸುಮಾರು ಒಂದು ಡಿಗ್ರಿಯಷ್ಟು ಇಳಿಯುತ್ತದೆ. ಬೇಲೂರು ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್, ಅರಸೀಕೆರೆ ಸುಮಾರು 800 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಬಹುತೇಕ ಕಾರುಗಳಲ್ಲಿ ಫ್ಯಾನ್ ಚಾಲನೆಗೊಳ್ಳುವುದು 92ರಿಂದ 98 ಡಿಗ್ರಿಗಳ ನಡುವೆ. ರೇಡಿಯೇಟರಿನ ಒತ್ತಡದ ಮುಚ್ಚಳ ಸರಿಯಾಗಿದ್ದರೆ ಕುದಿಯುವ ಬಿಂದು 115 ಡಿಗ್ರಿಯನ್ನು ದಾಟುವುದರಿಂದ ಚಿಂತೆಯಿಲ್ಲ. ಮುಚ್ಚಳದ ರಬ್ಬರ್ ಹಾಳಾಗಿದ್ದು, ಕೂಲೆಂಟ್ ಬದಲು ಬರಿಯ ನೀರು ತುಂಬಿದ್ದರೆ, ಫ್ಯಾನ್ ತಿರುಗಲು ಆರಂಭಿಸುವ ವೇಳೆಗೇ ನೀರು ಕುದಿಯತೊಡಗುತ್ತದೆ. ಹೀಗಿರುವಾಗ ಫ್ಯಾನ್ ಬದಲಿಸಿ ಪ್ರಯೋಜನವಿಲ್ಲ.

ಆದ್ದರಿಂದ ವೈರಿಂಗಿಗೆ ಕೈ ಹಾಕುವ ಮುನ್ನ ಮುಚ್ಚಳ, ಕೂಲೆಂಟ್ ಮಟ್ಟ, ವಾಟರ್ ಪಂಪ್, ಥರ್ಮೋಸ್ಟಾಟ್ ಮತ್ತು ರೇಡಿಯೇಟರಿನ ಒಳ ಕೊಳವೆಗಳನ್ನು ಪರೀಕ್ಷಿಸಬೇಕು. ಗಡಸು ಕೊಳವೆಬಾವಿ ನೀರನ್ನು ವರ್ಷಗಟ್ಟಲೆ ತುಂಬಿದ ರೇಡಿಯೇಟರಿನಲ್ಲಿ ಸುಣ್ಣದ ಪದರ ಕಟ್ಟಿಕೊಂಡಿರುತ್ತದೆ. 'ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ' ಎಂದು ಅದನ್ನು ಕಿತ್ತು ಹಾಕುವ ರೂಢಿಯೂ ಸರಿಯಲ್ಲ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ತನ್ನ ಯೋಗ್ಯ ಉಷ್ಣತೆಗೆ ಬರಲು ತಡವಾಗಿ, ಇಂಧನ ವ್ಯರ್ಥವಾಗುತ್ತದೆ ಮತ್ತು ಸವೆತ ಹೆಚ್ಚುತ್ತದೆ.

ತೆಳುವಾದ ತಂತಿಯ ಬೆಲೆ

ಎರಡು ಫ್ಯಾನುಗಳು ಸೇರಿ 270 ವ್ಯಾಟ್ ಇರುವ ಒಂದು ಕಾರನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಎಂಜಿನ್ ಚಾಲನೆಯಲ್ಲಿದ್ದಾಗ ದೊರೆಯುವ 13.5 ವೋಲ್ಟಿನಿಂದ 270ನ್ನು ಭಾಗಿಸಿದರೆ 20 ಆಂಪಿಯರ್ ಬರುತ್ತದೆ. ಬ್ಯಾಟರಿಯಿಂದ ಫ್ಯಾನಿಗೆ ಹೋಗಿ ಮರಳುವ ತಂತಿಯ ಒಟ್ಟು ಉದ್ದ 5 ಮೀಟರ್ ಎಂದಿಟ್ಟುಕೊಳ್ಳೋಣ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯ ರೋಧ ಮೀಟರಿಗೆ ಸುಮಾರು 0.0175 ಓಮ್. ಅಂದರೆ 5 ಮೀಟರಿಗೆ 0.0875 ಓಮ್. ಇದರಲ್ಲಿ 20 ಆಂಪಿಯರ್ ಹರಿದಾಗ ದಾರಿಯಲ್ಲೇ ಸುಮಾರು 1.75 ವೋಲ್ಟ್ ನಷ್ಟವಾಗಿ, ಫ್ಯಾನಿಗೆ 11.75 ವೋಲ್ಟ್ ಮಾತ್ರ ತಲುಪುತ್ತದೆ. ವೋಲ್ಟೇಜ್ ಇಳಿದಂತೆ ಮೋಟಾರಿನ ವೇಗ ಇಳಿಯುತ್ತದೆ. ವೇಗ ಇಳಿದಂತೆ ಗಾಳಿಯ ಪ್ರಮಾಣವೂ ಇಳಿಯುತ್ತದೆ. ಮಾಲೀಕರು ಹಣ ಕೊಟ್ಟದ್ದು ದೊಡ್ಡ ಫ್ಯಾನಿಗಾದರೂ ದೊರೆತದ್ದು ಚಿಕ್ಕ ಫ್ಯಾನಿನ ಗಾಳಿ.

ನಷ್ಟವಾದ ವಿದ್ಯುತ್ತು ಎಲ್ಲಿಗೆ ಹೋಯಿತು? 1.75 ವೋಲ್ಟನ್ನು 20 ಆಂಪಿಯರಿನಿಂದ ಗುಣಿಸಿದರೆ 35 ವ್ಯಾಟ್. ಗ್ಯಾರೇಜಿನಲ್ಲಿ ಬೆಸುಗೆ ಹಾಕಲು ಬಳಸುವ ಸಾಧಾರಣ ಸೋಲ್ಡರಿಂಗ್ ಐರನ್ನಿನಷ್ಟು ಉಷ್ಣ ಬಾನೆಟ್ಟಿನ ಒಳಗಿನ ತಂತಿಯ ಉದ್ದಕ್ಕೂ ಹುಟ್ಟುತ್ತಿದೆ ಎಂದು ಇದರ ಅರ್ಥ. ಅದೇ ಜಾಗದಲ್ಲಿ 4 ಚದರ ಮಿಲಿಮೀಟರಿನ ತಂತಿ ಬಳಸಿದರೆ ನಷ್ಟ ಸುಮಾರು 0.44 ವೋಲ್ಟಿಗೂ, ಉಷ್ಣ ಸುಮಾರು 9 ವ್ಯಾಟಿಗೂ ಇಳಿಯುತ್ತದೆ.

ತಂತಿಗಿಂತಲೂ ಅಪಾಯಕಾರಿಯಾದುದು ಸಡಿಲವಾದ ಅಥವಾ ಕಿಲುಬು ಹಿಡಿದ ಜೋಡಣೆ. ಒಂದೇ ಕನೆಕ್ಟರಿನಲ್ಲಿ ಅರ್ಧ ವೋಲ್ಟ್ ನಷ್ಟವಾದರೂ 20 ಆಂಪಿಯರಿಗೆ 10 ವ್ಯಾಟ್ ಉಷ್ಣ ಬೆರಳ ತುದಿಯಷ್ಟು ಜಾಗದಲ್ಲಿ ಕೇಂದ್ರೀಕೃತವಾಗುತ್ತದೆ. ಹಳೆಯ ಕಾರುಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ ಕರಗಿದ ಪ್ಲಾಸ್ಟಿಕ್ ಕನೆಕ್ಟರುಗಳು ಕಾಣಸಿಗುವುದು ಈ ಕಾರಣದಿಂದಲೇ. ಈ ಹಂತದಲ್ಲಿಯೂ ಫ್ಯೂಸ್ ಹೋಗುವುದಿಲ್ಲ, ಏಕೆಂದರೆ ಪ್ರವಾಹ ಮಿತಿಯೊಳಗೇ ಇರುತ್ತದೆ. ಫ್ಯೂಸ್ ಸರಿಯಿದೆ ಎಂದ ಮಾತ್ರಕ್ಕೆ ವೈರಿಂಗ್ ಸರಿಯಿದೆ ಎಂದು ಭಾವಿಸಬಾರದು.

ತಂತಿ ಮತ್ತು ಫ್ಯೂಸಿನ ಆಯ್ಕೆ

ಫ್ಯೂಸ್ ಇರುವುದು ಮುಖ್ಯವಾಗಿ ತಂತಿಯ ರಕ್ಷಣೆಗೆ ಎಂಬುದನ್ನು ಮನದಟ್ಟು ಮಾಡಿಕೊಳ್ಳಬೇಕು. ಸ್ಥಗಿತವಾಗಿರುವ ಮೋಟಾರ್ ತಿರುಗತೊಡಗುವ ಕ್ಷಣದಲ್ಲಿ ಸಾಮಾನ್ಯ ಪ್ರವಾಹದ ಹಲವು ಪಟ್ಟು ಎಳೆದುಕೊಳ್ಳುತ್ತದೆ. ಈ ಅಲ್ಪಾವಧಿಯ ಏರಿಕೆಯನ್ನು ತಾಳಿಕೊಳ್ಳುವಂತೆ ಫ್ಯೂಸ್ ನಿರಂತರ ಪ್ರವಾಹಕ್ಕಿಂತ ಹೆಚ್ಚಿನದಾಗಿಯೂ, ತಂತಿ ತಾಳುವ ಮಿತಿಯೊಳಗಿನದಾಗಿಯೂ ಇರಬೇಕು. 12 ಆಂಪಿಯರಿನ ಆಸುಪಾಸಿನ ಒಂಟಿ ಫ್ಯಾನಿಗೆ 2.5 ಚದರ ಮಿಲಿಮೀಟರ್ ತಂತಿ ಮತ್ತು ಹಳದಿ ಬಣ್ಣದ 20 ಆಂಪಿಯರ್ ಬ್ಲೇಡ್ ಫ್ಯೂಸ್. 20 ಆಂಪಿಯರಿನ ಫ್ಯಾನಿಗೆ 4 ಚದರ ಮಿಲಿಮೀಟರ್ ತಂತಿ ಮತ್ತು ಹಸಿರು ಬಣ್ಣದ 30 ಆಂಪಿಯರ್ ಫ್ಯೂಸ್ ಯೋಗ್ಯವಾದ ಜೋಡಿಗಳು.

ಫ್ಯೂಸನ್ನು ಬ್ಯಾಟರಿಯ ಧನ ತುದಿಗೆ ಸಾಧ್ಯವಾದಷ್ಟು ಸಮೀಪದಲ್ಲಿ, ಗೇಣುದ್ದದೊಳಗೆ ಇಡತಕ್ಕದ್ದು. ಫ್ಯೂಸಿಗೂ ಬ್ಯಾಟರಿಗೂ ನಡುವಿನ ತಂತಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಆ ಭಾಗ ಸವೆದು ಲೋಹದ ದೇಹಕ್ಕೆ ತಾಗಿದರೆ ಬ್ಯಾಟರಿಯ ಪೂರ್ಣ ಶಕ್ತಿ ಅದರ ಮೂಲಕ ಹರಿದು ಬೆಂಕಿ ಹೊತ್ತಿಕೊಳ್ಳಬಹುದು. ಪದೇ ಪದೇ ಹೋಗುವ ಫ್ಯೂಸಿನ ಜಾಗಕ್ಕೆ ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದವನ್ನೋ ತಂತಿಯ ಎಳೆಯನ್ನೋ ತುರುಕುವ ಅಭ್ಯಾಸವನ್ನು ಸಂಪೂರ್ಣವಾಗಿ ಕೈಬಿಡಬೇಕು.

ಮನೆಯ ವೈರಿಂಗಿಗಾಗಿ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುವ 2.5 ಮತ್ತು 4 ಚದರ ಮಿಲಿಮೀಟರ್ ತಂತಿಗಳನ್ನೇ ಕಾರಿಗೂ ಬಳಸುವುದುಂಟು. ತಾಮ್ರದ ದಪ್ಪ ಸಮಾನವಾಗಿದ್ದರೂ ಸಾಧಾರಣ ಮನೆ ತಂತಿಯ ಪಿ.ವಿ.ಸಿ. ಹೊದಿಕೆ 70 ಡಿಗ್ರಿ ಉಷ್ಣತೆಗೆ ತಕ್ಕಂತೆ ತಯಾರಾದುದು. ಎಂಜಿನ್ನಿನ ಪಕ್ಕದಲ್ಲಿ ಆ ಮಿತಿ ಸುಲಭವಾಗಿ ಮೀರುತ್ತದೆ. ಹೆಚ್ಚಿನ ಉಷ್ಣತೆಗೆಂದೇ ತಯಾರಿಸಿದ, ಸಣ್ಣ ಎಳೆಗಳು ಹೆಚ್ಚಿರುವ ಆಟೋಮೊಬೈಲ್ ತಂತಿಯನ್ನೇ ಕೇಳಿ ಪಡೆಯಬೇಕು. ಬಿಡಿಭಾಗಗಳ ವ್ಯಾಪಾರಿಗಳು ಇಂತಹ ತಂತಿ, ಫ್ಯೂಸ್ ಹೋಲ್ಡರ್ ಮತ್ತು ರಿಲೇ ಸಾಕೆಟ್ಟುಗಳನ್ನು ಸದಾ ದಾಸ್ತಾನಿನಲ್ಲಿರಿಸಿದರೆ ಗ್ಯಾರೇಜಿನವರು ಅನಿವಾರ್ಯವಾಗಿ ಅಡ್ಡದಾರಿ ಹಿಡಿಯುವುದು ತಪ್ಪುತ್ತದೆ.

ರಿಲೇ ಜೋಡಣೆಯ ಕ್ರಮ

ಉಷ್ಣತಾ ಸ್ವಿಚ್ಚಿನ ಅಥವಾ ಡ್ಯಾಶ್‌ಬೋರ್ಡ್ ಸ್ವಿಚ್ಚಿನ ಮೂಲಕ 20 ಆಂಪಿಯರ್ ಪ್ರವಾಹವನ್ನು ನೇರವಾಗಿ ಹರಿಸಿದರೆ ಅದರ ಸಂಪರ್ಕ ಬಿಂದುಗಳು ಬೇಗ ಸುಡುತ್ತವೆ. ಈ ಹೊರೆಯನ್ನು ರಿಲೇ ಹೊರುತ್ತದೆ. ರಿಲೇಯ ಸುರುಳಿಗೆ ಬೇಕಾಗುವುದು ಸುಮಾರು 0.15 ಆಂಪಿಯರ್ ಮಾತ್ರ. ಈ ಅಲ್ಪ ಪ್ರವಾಹ ಸುರುಳಿಯನ್ನು ಅಯಸ್ಕಾಂತವನ್ನಾಗಿಸಿ, ಒಳಗಿನ ದಪ್ಪ ಸಂಪರ್ಕಗಳನ್ನು ಕೂಡಿಸುತ್ತದೆ.

ಸಾಮಾನ್ಯ ರಿಲೇಯ ತುದಿಗಳಿಗೆ 30, 85, 86 ಮತ್ತು 87 ಎಂಬ ಸಂಖ್ಯೆಗಳಿರುತ್ತವೆ. ಬ್ಯಾಟರಿಯ ಧನ ತುದಿಯಿಂದ ಫ್ಯೂಸಿನ ಮೂಲಕ ಬರುವ ದಪ್ಪ ತಂತಿಯನ್ನು 30ಕ್ಕೆ ಜೋಡಿಸಬೇಕು. 87ರಿಂದ ಫ್ಯಾನಿನ ಧನ ತುದಿಗೆ ಅಷ್ಟೇ ದಪ್ಪದ ತಂತಿ ಹೋಗಬೇಕು. ಇಗ್ನಿಷನ್ ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ದೊರೆಯುವ, ತನ್ನದೇ ಚಿಕ್ಕ ಫ್ಯೂಸ್ ಇರುವ ತೆಳು ತಂತಿಯನ್ನು 86ಕ್ಕೆ ಕೊಡಬೇಕು. 85ರಿಂದ ಹೊರಟ ತೆಳು ತಂತಿ ಉಷ್ಣತಾ ಸ್ವಿಚ್ಚನ್ನು ತಲುಪಿ, ಅಲ್ಲಿಂದ ಅರ್ಥ್ ಆಗಬೇಕು. ನೀರು ಕಾದು ಸ್ವಿಚ್ಚು ಕೂಡಿದಾಗ ಸುರುಳಿಯ ಮಂಡಲ ಪೂರ್ಣಗೊಂಡು ಫ್ಯಾನ್ ತಿರುಗುತ್ತದೆ.

ಐದು ತುದಿಗಳ ರಿಲೇಯಲ್ಲಿ ಇರುವ 87ಎ ಎಂಬ ನಡುವಿನ ತುದಿಗೆ ಫ್ಯಾನನ್ನು ಜೋಡಿಸಬಾರದು. ಅದು ಸುರುಳಿಗೆ ವಿದ್ಯುತ್ ಇಲ್ಲದಾಗ ಕೂಡಿರುವ ತುದಿಯಾದ್ದರಿಂದ ಫ್ಯಾನ್ ರಾತ್ರಿಯಿಡೀ ತಿರುಗಿ ಬೆಳಿಗ್ಗೆ ಬ್ಯಾಟರಿ ಖಾಲಿಯಾಗಿರುತ್ತದೆ. ಎಂಜಿನ್ ನಿಯಂತ್ರಣ ಕಂಪ್ಯೂಟರೇ ಫ್ಯಾನನ್ನು ಆಳುವ ಕಾರುಗಳಲ್ಲಿ ಡಯೋಡ್ ಅಳವಡಿಸಿದ ರಿಲೇಯನ್ನೇ ಬಳಸಿ, ಅದರ 85 ಮತ್ತು 86 ತುದಿಗಳನ್ನು ಅದಲು ಬದಲು ಮಾಡದಂತೆ ಎಚ್ಚರ ವಹಿಸಬೇಕು. ಎ.ಸಿ. ಚಾಲನೆಯಾದೊಡನೆ ಫ್ಯಾನ್ ತಿರುಗಬೇಕಾದ ಮೂಲ ಏರ್ಪಾಡನ್ನು ಹೊಸ ವೈರಿಂಗಿನಲ್ಲಿಯೂ ಉಳಿಸಿಕೊಳ್ಳುವುದು ಅವಶ್ಯ.

ರಿಲೇಯನ್ನು ತುದಿಗಳು ಕೆಳಮುಖವಾಗಿರುವಂತೆ, ರೇಡಿಯೇಟರಿನ ಬಿಸಿ ಗಾಳಿ ಹಾಗೂ ಮಳೆಯ ನೀರು ತಾಗದ ಜಾಗದಲ್ಲಿ ಬಿಗಿಯಬೇಕು. ತಂತಿಗಳನ್ನು ತಿರುಚಿ ಟೇಪ್ ಸುತ್ತುವುದರ ಬದಲು, ಸರಿಯಾದ ಅಳತೆಯ ಲಗ್ಗುಗಳನ್ನು ಕ್ರಿಂಪಿಂಗ್ ಉಪಕರಣದಿಂದ ಒತ್ತಿ, ಬಿಸಿಗೆ ಕುಗ್ಗುವ ತೋಳನ್ನು ಹೊದಿಸಬೇಕು. ಲೋಹದ ಅಂಚುಗಳನ್ನು ದಾಟುವೆಡೆ ಸುಕ್ಕುಗಟ್ಟಿದ ಪ್ಲಾಸ್ಟಿಕ್ ಕೊಳವೆಯ ರಕ್ಷಣೆ ಬೇಕು.

ಅರ್ಥ್ ಸಂಪರ್ಕ

ಧನ ತಂತಿಗೆ ಕೊಡುವ ಗಮನವನ್ನು ಅರ್ಥ್ ತಂತಿಗೆ ಕೊಡುವುದು ವಿರಳ. ಫ್ಯಾನಿಗೆ ಹೋದ ಅಷ್ಟೂ ಪ್ರವಾಹ ಅರ್ಥ್ ಮೂಲಕವೇ ಮರಳಬೇಕಾಗಿರುವುದರಿಂದ ಎರಡೂ ಒಂದೇ ದಪ್ಪದವಾಗಿರಬೇಕು. ಬಣ್ಣ ಬಳಿದ ತಗಡಿಗೆ ಸ್ಕ್ರೂ ಹಾಕಿದ ಮಾತ್ರಕ್ಕೆ ಅರ್ಥ್ ಆಗುವುದಿಲ್ಲ. ಆ ಜಾಗದ ಬಣ್ಣ ಮತ್ತು ತುಕ್ಕನ್ನು ಉಜ್ಜಿ ತೆಗೆದು, ಹೊಳೆಯುವ ಲೋಹದ ಮೇಲೆ ಲಗ್ಗನ್ನು ಬೋಲ್ಟಿನಿಂದ ಬಿಗಿದು, ಗ್ರೀಸ್ ಸವರಬೇಕು. ಹಳೆಯ ಕಾರಿನಲ್ಲಿ ದೇಹದ ಅರ್ಥ್ ಪಟ್ಟಿಯ ಬಗ್ಗೆ ಸಂದೇಹವಿದ್ದರೆ ನೇರವಾಗಿ ಬ್ಯಾಟರಿಯ ಋಣ ತುದಿಯವರೆಗೆ ತಂತಿ ಎಳೆಯುವುದು ಉತ್ತಮ.

ತಿರುಗುವ ದಿಕ್ಕು ಮತ್ತು ಆಲ್ಟರ್ನೇಟರ್

ಶಾಶ್ವತ ಅಯಸ್ಕಾಂತದ ಮೋಟಾರಿನ ಎರಡು ತಂತಿಗಳು ಅದಲು ಬದಲಾದರೆ ಅದು ಹಿಮ್ಮುಖವಾಗಿ ತಿರುಗುತ್ತದೆ. ಆಗ ಗಾಳಿ ವಿರುದ್ಧ ದಿಕ್ಕಿನಲ್ಲಿ ಸಾಗಿ, ಕಾರಿನ ಚಲನೆಯಿಂದ ಬರುವ ಗಾಳಿಯನ್ನು ತಡೆಯುತ್ತದೆ. ಇದನ್ನು ಪತ್ತೆಹಚ್ಚುವ ಸುಲಭ ಉಪಾಯವೆಂದರೆ, ಫ್ಯಾನ್ ತಿರುಗುವಾಗ ರೇಡಿಯೇಟರಿನ ಮುಂಭಾಗಕ್ಕೆ ಒಂದು ಹಾಳೆಯನ್ನು ಹಿಡಿಯುವುದು. ಹಾಳೆ ಅಂಟಿಕೊಂಡರೆ ದಿಕ್ಕು ಸರಿಯಿದೆ. ತಳ್ಳಲ್ಪಟ್ಟರೆ ತಂತಿಗಳನ್ನು ಬದಲಿಸಬೇಕು. ಗುಜರಿಯಿಂದ ತಂದ ಬೇರೆ ಕಾರಿನ ಫ್ಯಾನನ್ನು ಅಳವಡಿಸುವಾಗ ಈ ಪರೀಕ್ಷೆ ಕಡ್ಡಾಯ. ಫ್ಯಾನಿನ ಸುತ್ತಲಿನ ಕವಚವನ್ನು ತೆಗೆದು ಹಾಕಿದರೆ ಗಾಳಿ ರೇಡಿಯೇಟರಿನ ಒಂದು ಭಾಗದ ಮೂಲಕ ಮಾತ್ರ ಹಾಯುವುದರಿಂದ, ಕವಚವನ್ನು ಉಳಿಸಿಕೊಳ್ಳಬೇಕು.

ಬೆಲ್ಟಿನ ಫ್ಯಾನಿದ್ದ ಕಾರಿಗೆ ವಿದ್ಯುತ್ ಫ್ಯಾನ್ ಹಾಕುವಾಗ ಆಲ್ಟರ್ನೇಟರಿನ ಸಾಮರ್ಥ್ಯವನ್ನೂ ಲೆಕ್ಕ ಹಾಕಬೇಕು. ಎಂಜಿನ್ ನಿಧಾನಗತಿಯಲ್ಲಿರುವಾಗ ಆಲ್ಟರ್ನೇಟರ್ ತನ್ನ ಪೂರ್ಣ ಪ್ರವಾಹವನ್ನು ಕೊಡಲಾರದು. ಫ್ಯಾನ್ ಹೆಚ್ಚಾಗಿ ಬೇಕಾಗುವುದೂ ಅದೇ ಹೊತ್ತಿನಲ್ಲಿ. ರಾತ್ರಿ ವೇಳೆ ಹೆಡ್‌ಲೈಟ್, ಎ.ಸಿ. ಬ್ಲೋವರ್ ಮತ್ತು ಫ್ಯಾನ್ ಒಟ್ಟಾಗಿ ಎಳೆಯುವ ಪ್ರವಾಹ ಉತ್ಪಾದನೆಯನ್ನು ಮೀರಿದರೆ, ಕೊರತೆಯನ್ನು ಬ್ಯಾಟರಿ ತುಂಬುತ್ತ ಕ್ರಮೇಣ ಬರಿದಾಗುತ್ತದೆ.

ಎರಡು ಅಳತೆಗಳು

ಕೆಲಸ ಮುಗಿದ ನಂತರ ಫ್ಯಾನ್ ತಿರುಗಿತೆಂಬ ಸಮಾಧಾನದಿಂದ ಬಾನೆಟ್ ಮುಚ್ಚಬಾರದು. ಒಂದು ಸಾಧಾರಣ ಮಲ್ಟಿಮೀಟರಿನಿಂದ, ಫ್ಯಾನ್ ಪೂರ್ಣ ವೇಗದಲ್ಲಿ ತಿರುಗುತ್ತಿರುವಾಗಲೇ ಎರಡು ಅಳತೆಗಳನ್ನು ತೆಗೆಯಬೇಕು. ಮೊದಲನೆಯದು, ಬ್ಯಾಟರಿಯ ಧನ ತುದಿಗೂ ಫ್ಯಾನಿನ ಧನ ತುದಿಗೂ ನಡುವಿನ ವೋಲ್ಟೇಜ್. ಇದು 0.5 ವೋಲ್ಟಿಗಿಂತ ಕಡಿಮೆ ಇರಬೇಕು. ಎರಡನೆಯದು, ಬ್ಯಾಟರಿಯ ಋಣ ತುದಿಗೂ ಫ್ಯಾನಿನ ಋಣ ತುದಿಗೂ ನಡುವಿನ ವೋಲ್ಟೇಜ್. ಇದು 0.3 ವೋಲ್ಟಿಗಿಂತ ಕಡಿಮೆ ಇರಬೇಕು. ಮೊದಲನೆಯದು ಹೆಚ್ಚಿದ್ದರೆ ದೋಷ ತಂತಿ, ಫ್ಯೂಸ್ ಹೋಲ್ಡರ್ ಅಥವಾ ರಿಲೇಯಲ್ಲಿದೆ. ಎರಡನೆಯದು ಹೆಚ್ಚಿದ್ದರೆ ದೋಷ ಅರ್ಥ್‌ನಲ್ಲಿದೆ. ಮೀಟರಿನ ಕಡ್ಡಿಯನ್ನು ಹಂತ ಹಂತವಾಗಿ ಮುಂದಕ್ಕೆ ಸರಿಸುತ್ತ ಹೋದರೆ ನಷ್ಟವಾಗುತ್ತಿರುವ ಜೋಡಣೆ ತಾನಾಗಿಯೇ ಸಿಕ್ಕಿಬೀಳುತ್ತದೆ. ಫ್ಯಾನ್ ನಿಂತಿರುವಾಗ ತೆಗೆದ ಅಳತೆಗೆ ಬೆಲೆಯಿಲ್ಲ. ಪ್ರವಾಹ ಹರಿಯದಿದ್ದಾಗ ಕೆಟ್ಟ ಜೋಡಣೆಯೂ ಒಳ್ಳೆಯದರಂತೆಯೇ ತೋರುತ್ತದೆ.

ಸುರಕ್ಷತೆಯ ದೃಷ್ಟಿಯಿಂದ ಕೆಲಸ ಆರಂಭಿಸುವ ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಡಿಸಬೇಕು. ಬಿಸಿ ಎಂಜಿನ್ನಿನಲ್ಲಿ ಫ್ಯಾನ್ ಯಾವ ಮುನ್ಸೂಚನೆಯೂ ಇಲ್ಲದೆ ತಿರುಗಬಹುದಾದ್ದರಿಂದ ಅಳತೆ ತೆಗೆಯುವಾಗ ಬೆರಳು, ತೋಳು ಮತ್ತು ಬಟ್ಟೆಯನ್ನು ದೂರವಿರಿಸಬೇಕು. ಎಂಜಿನ್ ತಣಿಯುವ ಮುನ್ನ ರೇಡಿಯೇಟರಿನ ಮುಚ್ಚಳವನ್ನು ತೆರೆಯಲೇಬಾರದು.

ವ್ಯವಹಾರದ ದೃಷ್ಟಿ

ಅತಿಯಾಗಿ ಬಿಸಿಯಾದ ಎಂಜಿನ್ನಿನಲ್ಲಿ ಅಲ್ಯುಮಿನಿಯಂ ಸಿಲಿಂಡರ್ ಹೆಡ್ ಸೊಟ್ಟಗಾಗಿ, ಹೆಡ್ ಗ್ಯಾಸ್ಕೆಟ್ ಒಡೆಯುತ್ತದೆ. ಹೆಡ್ ಇಳಿಸಿ, ಲೇತ್ ಅಂಗಡಿಯಲ್ಲಿ ಸಮತಟ್ಟು ಮಾಡಿಸಿ, ಮರುಜೋಡಿಸುವ ಖರ್ಚಿನ ಮುಂದೆ ಒಂದು ರಿಲೇ, ಒಂದು ಫ್ಯೂಸ್ ಹೋಲ್ಡರ್ ಮತ್ತು ಕೆಲವು ಮೀಟರ್ ತಂತಿಯ ಬೆಲೆ ನಗಣ್ಯ. ಟ್ಯಾಕ್ಸಿ ಮಾಲೀಕರಿಗಂತೂ ದುರಸ್ತಿಯ ಖರ್ಚಿನ ಜೊತೆಗೆ ಪ್ರವಾಸದ ಋತುವಿನ ಬಾಡಿಗೆಯೂ ಕೈತಪ್ಪುತ್ತದೆ. ಒಂದು ವೇಳೆ ಬೆಂಕಿ ಅವಘಡ ಸಂಭವಿಸಿದರೆ, ವಿಮಾ ಸರ್ವೇಯರ್ ಮೊದಲು ಗಮನಿಸುವ ವಿಷಯಗಳಲ್ಲಿ ನಂತರ ಸೇರಿಸಿದ ವೈರಿಂಗ್ ಕೂಡ ಒಂದು.

ಆದ್ದರಿಂದ ಫ್ಯಾನ್ ಅಳವಡಿಸಿದ ಪ್ರತಿ ಗ್ಯಾರೇಜು ತನ್ನ ಬಿಲ್ಲಿನಲ್ಲಿ ಐದು ವಿವರಗಳನ್ನು ನಮೂದಿಸುವ ಪದ್ಧತಿಯನ್ನು ರೂಢಿಸಿಕೊಳ್ಳುವುದು ಸೂಕ್ತ: ಫ್ಯಾನಿನ ವ್ಯಾಟ್, ತಂತಿಯ ದಪ್ಪ, ಫ್ಯೂಸಿನ ಆಂಪಿಯರ್ ಮತ್ತು ಮೇಲೆ ತಿಳಿಸಿದ ಎರಡು ಅಳತೆಗಳು. ಮರುವರ್ಷ ಅದೇ ಕಾರು ದೂರಿನೊಂದಿಗೆ ಬಂದಾಗ ಮತ್ತೆ ಅಳೆದು ಹೋಲಿಸಿದರೆ ದೋಷ ವೈರಿಂಗಿನಲ್ಲಿದೆಯೋ ಬೇರೆಡೆ ಇದೆಯೋ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ. ಇದರಿಂದ ಅನವಶ್ಯಕವಾಗಿ ಮತ್ತೊಂದು ಫ್ಯಾನ್ ಮಾರುವುದು ತಪ್ಪುತ್ತದೆ, ಗ್ರಾಹಕರ ಹಣ ಉಳಿಯುತ್ತದೆ, ಕೆಲಸಗಾರನ ಜವಾಬ್ದಾರಿಯೂ ಸ್ಪಷ್ಟವಾಗುತ್ತದೆ. ಸಣ್ಣ ಪಟ್ಟಣದ ಗ್ಯಾರೇಜಿಗೆ ಜಾಹೀರಾತಿಗಿಂತ ಬಾಯಿಂದ ಬಾಯಿಗೆ ಹರಡುವ ಹೆಸರೇ ದೊಡ್ಡ ಬಂಡವಾಳ. ಬಿಲ್ಲಿನ ಮೇಲೆ ಬರೆದ ಎರಡು ಅಂಕಿಗಳು ಆ ಬಂಡವಾಳವನ್ನು ಕಾಪಾಡಬಲ್ಲವು.